ಐದು ಕಿಲೋಮೀಟರಿಗೆ ಒಂದು ಸೆಂಟಿಮೀಟರ್

ಮೊದಲ ವಾರವೇ ಹುಡುಗರ ಮುಂದೆ ಸಿಕ್ಕಿಬಿದ್ದೆ. "ಸಾಗರದ ನಡುವಿನ ದ್ವೀಪಗಳಲ್ಲಿ ಎರಡು ಬಗೆ. ಒಂದು ಜ್ವಾಲಾಮುಖಿಯಿಂದ ಹುಟ್ಟಿದ್ದು, ಇನ್ನೊಂದು ಹವಳದ್ದು" ಅಂತ ಬೋರ್ಡಿನ ಮೇಲೆ ಬರೆದೆ. ಉಡುಪಿ ಕಡೆ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಭೂಗೋಳ ಕಲಿಸುವಾಗಲೂ ಹೀಗೇ ಬರೆಯುತ್ತಿದ್ದೆ. ಅಲ್ಲಿ ಯಾರೂ ಏನೂ ಕೇಳಿರಲಿಲ್ಲ. ಇಲ್ಲಿ ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. "ಮಿಸ್, ಹಾಗಾದ್ರೆ ನಮ್ಮ ದ್ವೀಪ ಯಾವುದು?" ಎಂದು ಕಿಟಕಿಯ ಆಚೆ ತೋರಿಸಿದ. ಹೊರಗೆ ಕಾಡಿನ ನಡುವಿನಿಂದ ಬೋಳು ಬಂಡೆ ಎದ್ದು ನಿಂತಿತ್ತು. ಥೇಟ್ ಕಾರ್ಕಳದಲ್ಲಿ ಗೊಮ್ಮಟ ನಿಂತಿದ್ದಾನಲ್ಲ, ಆ ಬಂಡೆಯ ಹಾಗೆ. ಹವಳ ಅಲ್ಲ, ಲಾವಾ ಅಲ್ಲ, ಗ್ರಾನೈಟ್. ಆ ಹುಡುಗನಿಗೆ ಉತ್ತರ ಗೊತ್ತಿತ್ತು. ನನ್ನನ್ನು ಪರೀಕ್ಷೆ ಮಾಡಿದ್ದು, ಅಷ್ಟೇ.

ಇದು ಹಿಂದೂ ಮಹಾಸಾಗರದ ಸೇಶೆಲ್ಸ್ ದೇಶದ ಮಾಹೆ ದ್ವೀಪ. ನಮ್ಮೂರಲ್ಲಿ ಮಾಹೆ ಅಂದರೆ ಮಣಿಪಾಲದ ವಿಶ್ವವಿದ್ಯಾಲಯ. ರೈಲಿನಲ್ಲಿ ಕೋಝಿಕ್ಕೋಡ್ ಕಡೆ ಹೋಗುವವರಿಗೆ ದಾರಿಯಲ್ಲಿ ಇನ್ನೊಂದು ಮಾಹೆ ಸಿಗುತ್ತದೆ. ಕೆಲಸ ಸಿಕ್ಕಿದ ಸುದ್ದಿ ಹೇಳಿದಾಗ ನಮ್ಮ ಅತ್ತೆ, "ಮಣಿಪಾಲಕ್ಕೆ ಹೋಗಲಿಕ್ಕೆ ಪಾಸ್‌ಪೋರ್ಟ್ ಯಾಕೆ?" ಅಂದಿದ್ದರು. ಎರಡು ವರ್ಷದ ಒಪ್ಪಂದ, ಸರ್ಕಾರಿ ಶಾಲೆ. ಆ ದೇಶದಲ್ಲಿ ಭಾರತದಿಂದ ಬಂದ ಟೀಚರ್‌ಗಳು ಹೊಸಬರೇನಲ್ಲ.

ಅವತ್ತು ಮನೆಗೆ ಬಂದು ತೀರ್ಮಾನ ಮಾಡಿದೆ. ಈ ದೇಶವನ್ನು ಮೊದಲು ನಾನು ಕಲಿಯಬೇಕು, ಅದೂ ಮಕ್ಕಳ ಎದುರೇ. ಅದಕ್ಕೆ ಕಂಡ ದಾರಿ ಒಂದೇ: ಗೋಡೆಯ ಮೇಲೆ ದೊಡ್ಡ ನಕ್ಷೆ ಬರೆಯುವುದು. ಅದು ಮುಗಿಯಲು ಹತ್ತಿರ ಹತ್ತಿರ ಎರಡು ವರ್ಷವೇ ಹಿಡಿಯಿತು.

ಅಚ್ಚಾದ ನಕ್ಷೆಗಳು ಇದ್ದವು. ಅವುಗಳಲ್ಲಿ ಒಂದು ಮೋಸ ಇರುತ್ತದೆ. ಮಾಹೆ, ಪ್ರಲೇನ್, ಲಾ ಡೀಗ್ ಈ ಮೂರನ್ನು ದೊಡ್ಡದಾಗಿ ಬರೆದು, ದೂರದ ದ್ವೀಪಗಳನ್ನು ಮೂಲೆಯಲ್ಲಿ ಒಂದು ಚೌಕದೊಳಗೆ ತುರುಕುತ್ತಾರೆ. ನೋಡಿದವರಿಗೆ ಎಲ್ಲ ಅಕ್ಕಪಕ್ಕದ ಮನೆಗಳ ಹಾಗೆ ಕಾಣುತ್ತದೆ. ನಾವು ಚೌಕ ಹಾಕುವುದಿಲ್ಲ ಅಂತ ನಿಶ್ಚಯಿಸಿದೆವು. ಎಲ್ಲದಕ್ಕೂ ಒಂದೇ ಅಳತೆ. ಐದು ಕಿಲೋಮೀಟರಿಗೆ ಒಂದು ಸೆಂಟಿಮೀಟರ್.

ಮಾಹೆಯ ಉದ್ದ ಸುಮಾರು 28 ಕಿ.ಮೀ. ನಮ್ಮ ನಕ್ಷೆಯಲ್ಲಿ ಐದೂವರೆ ಸೆಂಟಿಮೀಟರ್ ಚಿಲ್ಲರೆ. ದೇಶದ ಅತಿ ದೊಡ್ಡ ದ್ವೀಪ, ನನ್ನ ತೋರುಬೆರಳಿಗಿಂತ ಚಿಕ್ಕದು! ಪ್ರಲೇನ್ ಅಲ್ಲಿಂದ ಒಂಬತ್ತು ಸೆಂಟಿಮೀಟರ್ ದೂರ. ಇಷ್ಟರವರೆಗೆ ಒಂದು ಚಾರ್ಟ್ ಸಾಕಾಯ್ತು. ಆಮೇಲೆ ಅಲ್ಡಾಬ್ರಾ ಅಟಾಲ್, ಅಂದರೆ ಉಂಗುರದಾಕಾರದ ಹವಳ ದ್ವೀಪ, ಗುರುತಿಸಲು ನೈಋತ್ಯಕ್ಕೆ ದಾರ ಎಳೆದೆವು. ದಾರ ಹೋಗ್ತಾನೇ ಇದೆ. ಎರಡು ಕಾಲು ಮೀಟರ್! ಮಾಹೆಯಿಂದ ಅಲ್ಡಾಬ್ರಾಕ್ಕೆ 1,100 ಕಿ.ಮೀ.ಗೂ ಜಾಸ್ತಿ. ಚಾರ್ಟ್‌ಗಳನ್ನು ಒಂದಕ್ಕೊಂದು ಅಂಟಿಸುತ್ತಾ ಹೋದೆವು. ಪೂರ್ತಿ ನೀಲಿ ಬಣ್ಣ ಹಚ್ಚಿ ಹುಡುಗಿಯರ ಕೈ ಸೋತಿತು. "ಮಿಸ್, ಬರೀ ನೀರೇ ಇದೆಯಲ್ಲ" ಅಂದಳು ಒಬ್ಬಳು. ನಾನು ಹೇಳಬೇಕೆಂದಿದ್ದ ಮಾತು ಅದೇ, ಅವಳೇ ಹೇಳಿದಳು. 115 ದ್ವೀಪಗಳನ್ನು ಒಟ್ಟು ಸೇರಿಸಿದರೆ ನೆಲ ಸುಮಾರು 455 ಚದರ ಕಿ.ಮೀ., ಬೆಂಗಳೂರು ನಗರಕ್ಕಿಂತ ಚಿಕ್ಕದು. ಆ ದೇಶದ ಹಕ್ಕಿನಲ್ಲಿರುವ ಸಮುದ್ರ ಮಾತ್ರ 13 ಲಕ್ಷ ಚದರ ಕಿ.ಮೀ.ಗೂ ಹೆಚ್ಚು. ಕರ್ನಾಟಕದ ಏಳು ಪಟ್ಟು.

ಅಲ್ಡಾಬ್ರಾದ ಉಂಗುರ ಬರೆದಾಗ ಇನ್ನೊಂದು ತಮಾಷೆ. ಅದರ ಉದ್ದ 34 ಕಿ.ಮೀ., ಅಂದರೆ ಮಾಹೆಗಿಂತ ಉದ್ದ. "ಅಲ್ಲಿ ಎಷ್ಟು ಜನ ಇದ್ದಾರೆ?" ಅಂತ ಕೇಳಿದರು. ಸಂಶೋಧನಾ ಕೇಂದ್ರದ ಬೆರಳೆಣಿಕೆಯ ಜನ. ಆಮೆಗಳು ಮಾತ್ರ ಸುಮಾರು ಒಂದು ಲಕ್ಷ, ದೇಶದ ಜನಸಂಖ್ಯೆಗೆ ಹೆಚ್ಚೂಕಡಿಮೆ ಸಮ. 1960ರ ದಶಕದಲ್ಲಿ ಬ್ರಿಟಿಷರು ಅಲ್ಲಿ ಸೇನಾ ವಿಮಾನ ನಿಲ್ದಾಣ ಕಟ್ಟಲು ಹೊರಟಿದ್ದರು. ವಿಜ್ಞಾನಿಗಳು ಜೋರಾಗಿ ವಿರೋಧಿಸಿದರು. ಅದೇ ಹೊತ್ತಿಗೆ ಬ್ರಿಟನ್ನಿನ ಕೈಯಲ್ಲಿ ದುಡ್ಡೂ ಇರಲಿಲ್ಲ. 1967ರಲ್ಲಿ ಯೋಜನೆ ಕೈಬಿಟ್ಟರು. ಆಮೆಗಳನ್ನು ಉಳಿಸಿದ್ದು ವಿಜ್ಞಾನಿಗಳಾ, ಖಾಲಿ ಖಜಾನೆಯಾ ಅಂತ ಕೇಳಿದರೆ ನಾನು ಎರಡಕ್ಕೂ ಅರ್ಧರ್ಧ ಮಾರ್ಕು ಕೊಡುತ್ತೇನೆ.

ನಕ್ಷೆ ಮೊದಲ ಮಳೆಗಾಲ ದಾಟಲಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ವಾಯವ್ಯದ ಗಾಳಿ, ಸೆಖೆ, ಧೋ ಎಂದು ಮಳೆ. ನಾನು ಊರಿನ ಅಭ್ಯಾಸದಂತೆ ಮೈದಾ ಅಂಟು ಕುದಿಸಿ ಹಚ್ಚಿದ್ದೆ. ರಜೆ ಮುಗಿಸಿ ಬಂದು ನೋಡಿದರೆ ಜಿರಲೆಗಳು ಅಂಟಿನ ಜೊತೆ ಪ್ರಲೇನ್ ದ್ವೀಪವನ್ನೂ ತಿಂದಿದ್ದವು. ಎರಡನೇ ಸಲ ಬಟ್ಟೆಯ ಮೇಲೆ ಬರೆದು ಮೊಳೆ ಹೊಡೆದೆವು. ಮೇ ತಿಂಗಳಿಂದ ಆಗ್ನೇಯದ ಗಾಳಿ ಬೀಸುತ್ತದೆ, ಹವೆ ಒಣಗಿ ಸ್ವಲ್ಪ ತಂಪಾಗುತ್ತದೆ. ಇಂಥ ಕೆಲಸಕ್ಕೆ ಆ ತಿಂಗಳುಗಳೇ ಒಳ್ಳೆಯದು.

ಇನ್ನು ಕಲ್ಲಿನ ವಿಷಯ. ಒಳಗಿನ ನಲವತ್ತು ಚಿಲ್ಲರೆ ದ್ವೀಪಗಳು ಕಲ್ಲಿನವು. ಆ ಗ್ರಾನೈಟಿಗೆ ಸುಮಾರು 75 ಕೋಟಿ ವರ್ಷ. ನಡುಸಾಗರದಲ್ಲಿ ಇಂಥ ಕಲ್ಲು ಇರುವುದು ತೀರಾ ಅಪರೂಪ. ಯಾಕೆಂದರೆ ಇದು ಸಾಗರದ ಕಲ್ಲೇ ಅಲ್ಲ, ಖಂಡದ ಚೂರು. ಗೊಂಡ್ವಾನ ಎಂಬ ಹಳೆಯ ಮಹಾಖಂಡ ಒಡೆಯುವಾಗ ಭಾರತ, ಸೇಶೆಲ್ಸ್, ಮಡಗಾಸ್ಕರ್ ಒಟ್ಟಿಗೇ ಹೊರಟವು. ಮೊದಲು ಮಡಗಾಸ್ಕರ್ ಬೇರೆಯಾಯ್ತು. ಆ ಕಾಲದ ಗುರುತು ನಮ್ಮ ಮಲ್ಪೆಯ ಎದುರಿಗೇ ಇದೆ. ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಸುಮಾರು 8.8 ಕೋಟಿ ವರ್ಷ ಹಿಂದಿನವು. ಎಷ್ಟು ಸಲ ಮಕ್ಕಳನ್ನು ದೋಣಿಯಲ್ಲಿ ಕೂರಿಸಿ ಕರೆದುಕೊಂಡು ಹೋಗಿದ್ದೇನೋ ಲೆಕ್ಕವಿಲ್ಲ. ಆ ಕಂಬಗಳು ಹುಟ್ಟುವಾಗ ಸೇಶೆಲ್ಸ್ ಇನ್ನೂ ನಮ್ಮ ಮಗ್ಗುಲಲ್ಲೇ ಇತ್ತು. ಆಮೇಲೆ ಎರಡು ಕೋಟಿಗೂ ಹೆಚ್ಚು ವರ್ಷ ಕಳೆದ ಮೇಲೆ, ದಖ್ಖನ್ನಿನಲ್ಲಿ ಲಾವಾ ಹರಿದ ಆಸುಪಾಸಿನಲ್ಲಿ, ಅದೂ ಕಳಚಿಕೊಂಡಿತು. ಇದನ್ನು ಕ್ಲಾಸಿನಲ್ಲಿ ಹೇಳಿದಾಗ, "ಹಾಗಾದ್ರೆ ಮಿಸ್, ನೀವು ಪರದೇಶದವರಲ್ಲ" ಅಂತ ಆ ಹಿಂದಿನ ಬೆಂಚಿನವನೇ ಹೇಳಿದ. ಅಲ್ಲಿಗೆ ನಮ್ಮಿಬ್ಬರ ರಾಜಿ ಆಯ್ತು.

ಅಚ್ಚರಿ ಏನೆಂದರೆ ಕಪ್ಪೆಗಳೂ ಈ ಕಥೆಗೆ ಸಾಕ್ಷಿ ಹೇಳುತ್ತವೆ. ಮಾಹೆಯ ಕಾಡಿನಲ್ಲಿ ಗಾರ್ಡಿನರ್ ಕಪ್ಪೆ ಅಂತ ಇದೆ. ದೊಡ್ಡದಾದರೂ ಒಂದು ಸೆಂಟಿಮೀಟರಿನ ಆಚೀಚೆ, ಕಿರುಬೆರಳ ಉಗುರಿನಷ್ಟು. ಮೊಟ್ಟೆಯಿಂದ ಗೊದಮೊಟ್ಟೆ ಬರುವುದಿಲ್ಲ, ನೇರ ಪುಟಾಣಿ ಕಪ್ಪೆಯೇ ಬರುತ್ತದೆ. ಇದರ ಕುಟುಂಬಕ್ಕೆ ಹತ್ತಿರದ ನೆಂಟ ಇರುವುದು ಆಫ್ರಿಕಾದಲ್ಲಿ ಅಲ್ಲ, ನಮ್ಮ ಪಶ್ಚಿಮ ಘಟ್ಟದಲ್ಲಿ. 2003ರಲ್ಲಿ ಕೇರಳದ ಇಡುಕ್ಕಿಯಿಂದ ಲೋಕಕ್ಕೆ ಗೊತ್ತಾಯ್ತಲ್ಲ, ಆ ನೇರಳೆ ಬಣ್ಣದ ಹಂದಿಮೂತಿಯ ಕಪ್ಪೆ. ಕಪ್ಪೆಗೆ ಉಪ್ಪುನೀರಿನಲ್ಲಿ ಈಜಿ ಬರಲು ಆಗುವುದಿಲ್ಲ. ಮತ್ತೆ ಹೇಗೆ ಬಂತು? ನೆಲದ ಜೊತೆಗೇ ಬಂತು.

ಶನಿವಾರಗಳನ್ನು ನಡೆಯಲಿಕ್ಕೆ ಇಟ್ಟುಕೊಂಡೆ. ರಾಜಧಾನಿ ವಿಕ್ಟೋರಿಯಾದಿಂದ ಬಸ್ಸು ಹತ್ತುವುದು, ಸಾಂ ಸೂಸಿ ರಸ್ತೆಯಲ್ಲಿ ಇಳಿಯುವುದು. ಅಲ್ಲಿ ಓಡುವ ಟಾಟಾ ಬಸ್ಸುಗಳು ಆಗುಂಬೆ ಘಾಟಿಯನ್ನು ನೆನಪಿಸುತ್ತವೆ. ಅಲ್ಲಿಂದ ಕೊಪೋಲಿಯಾ ಬಂಡೆಗೆ ಕಾಡುದಾರಿ. ಮೇಲಿನ ಬೋಳು ಬಂಡೆಗೆ ಕ್ರಿಯೋಲ್ ಭಾಷೆಯಲ್ಲಿ ಗ್ಲಾಸಿ ಅನ್ನುತ್ತಾರೆ. ಆ ಬಂಡೆಯ ಮೇಲೆ ಹೂಜಿ ಗಿಡ ಹಬ್ಬಿದೆ. ಕೀಟ ತಿನ್ನುವ ಗಿಡ, ಈ ದೇಶ ಬಿಟ್ಟರೆ ಬೇರೆಲ್ಲೂ ಇಲ್ಲದ ಜಾತಿ. ಮೊದಲ ಸಲ ಹೋದಾಗ ನಾನು ಗಿಡ ನೋಡಲಿಲ್ಲ. ಏದುಸಿರು ಬಿಡುತ್ತಾ ಕೂತವಳಿಗೆ ಕೆಳಗಿನ ಸಮುದ್ರ ನೋಡಿಯೇ ಸಾಕಾಗಿತ್ತು.

ದಾರಿಯುದ್ದಕ್ಕೂ ಒಂದು ಪರಿಚಿತ ವಾಸನೆ ಬರುತ್ತಿತ್ತು. ಎಲೆ ಕಿವುಚಿ ನೋಡಿದೆ. ದಾಲ್ಚಿನ್ನಿ! ಬೇಲಿಯಲ್ಲಿ ದಾಲ್ಚಿನ್ನಿ, ಗುಡ್ಡದಲ್ಲಿ ದಾಲ್ಚಿನ್ನಿ, ಎಲ್ಲಿ ನೋಡಿದರೂ ಅದೇ. ಇದರ ಕಥೆಯನ್ನು ಮಾತ್ರ ನಾನು ಕ್ಲಾಸಿನಲ್ಲಿ ಮೂರು ಪಿರಿಯಡ್ ಹೇಳಿದ್ದೇನೆ. 1770ರಲ್ಲಿ ಮೊದಲ ಸಲ ಜನ ಬಂದು ನೆಲೆಸಿದರು, ಸೇಂಟ್ ಆನ್ ಎಂಬ ಪುಟ್ಟ ದ್ವೀಪದಲ್ಲಿ. ಅದಕ್ಕೂ ಮೊದಲು ಇಲ್ಲಿ ಮೂಲನಿವಾಸಿಗಳು ಅಂತ ಯಾರೂ ಇರಲಿಲ್ಲ. ಬಂದವರು 28 ಮಂದಿ: 15 ಬಿಳಿಯರು, 7 ಗುಲಾಮರು, 5 ಮಂದಿ ದಕ್ಷಿಣ ಭಾರತೀಯರು, ಒಬ್ಬಳು ಕಪ್ಪು ಹೆಂಗಸು. ಆ ಐವರು ಯಾವ ಊರಿನವರೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. 1772ರಲ್ಲಿ ಮಾಹೆಯಲ್ಲಿ ರಾಜನ ತೋಟ ಅಂತ ಮಾಡಿ ಫ್ರೆಂಚರು ಮಸಾಲೆ ಗಿಡ ನೆಟ್ಟರು. ಡಚ್ಚರ ಮಸಾಲೆ ವ್ಯಾಪಾರವನ್ನು ಮುರಿಯುವ ಆಸೆ. 1780ರಲ್ಲಿ ಒಂದು ಹಡಗು ಬಂತು. ಇಂಗ್ಲಿಷರದ್ದೇ ಇರಬೇಕು ಎಂದು ಹೆದರಿ ತೋಟಕ್ಕೆ ತಾವೇ ಬೆಂಕಿ ಹಚ್ಚಿದರು. ನೋಡಿದರೆ ಅದು ಫ್ರೆಂಚ್ ಹಡಗು! ಆದರೆ ದಾಲ್ಚಿನ್ನಿ ಹಣ್ಣನ್ನು ಹಕ್ಕಿಗಳು ಆಗಲೇ ಕಾಡಿಗೆ ಹೊತ್ತಿದ್ದವು. ಮುಂದೆ ಕಡಿದು ಬೋಳಾದ ಗುಡ್ಡಗಳನ್ನೆಲ್ಲ ಅದು ಮುಚ್ಚಿತು. ಅದರ ತೊಗಟೆ, ಎಲೆಯ ಎಣ್ಣೆ ಮಾರಿ ಜನ ಬದುಕಿದರು. ಈಗ ಅದನ್ನು ಕಳೆ ಗಿಡ ಅನ್ನುತ್ತಾರೆ. ನಮ್ಮ ಮಕ್ಕಳು ಒಣಗಿಸಿದ ದಾಲ್ಚಿನ್ನಿ ಎಲೆಯನ್ನು ನಕ್ಷೆಗೆ ಪಿನ್ನು ಹೊಡೆದರು. ಜಿರಲೆ ಅದರ ಹತ್ತಿರ ಸುಳಿಯಲಿಲ್ಲ.

ಅದೇ ಸಾಂ ಸೂಸಿ ರಸ್ತೆಯಲ್ಲಿ ಮುಂದೆ ಹೋದರೆ ವೆನ್ಸ್ ಟೌನ್ ಎಂಬ ಜಾಗ. ಕಲ್ಲಿನ ಗೋಡೆಗಳ ಪಾಳು ಮಾತ್ರ ಉಳಿದಿದೆ. ಇಲ್ಲಿ 1835ರಲ್ಲೇ ಗುಲಾಮಗಿರಿ ಕೊನೆಯಾಗಿತ್ತು. ಆದರೆ ಅರಬ್ಬರ ಹಡಗುಗಳಲ್ಲಿ ಗುಲಾಮರ ಸಾಗಾಟ ನಿಂತಿರಲಿಲ್ಲ. 1861ರಿಂದ ಬ್ರಿಟಿಷ್ ನೌಕಾಪಡೆ ಅಂಥ ಹಡಗುಗಳನ್ನು ಹಿಡಿದು, ಬಿಡಿಸಿದವರನ್ನು ಇಲ್ಲಿ ತಂದು ಇಳಿಸಿತು. ಅವರ ಮಕ್ಕಳಿಗಾಗಿ ಮಿಷನರಿಗಳು 1876ರಲ್ಲಿ ತೆರೆದ ಶಾಲೆ ಇದು. ಆ ಪಾಳಿನ ಪಕ್ಕದಲ್ಲೇ ಮಾಹೆಯ ಅತಿ ಸುಂದರ ನೋಟ ಇದೆ. ಪ್ರವಾಸಿಗರು ಫೋಟೋ ತೆಗೆದು ಹೊರಡುತ್ತಾರೆ. ನಾನು ಟೀಚರ್ ಆದ್ದರಿಂದಲೋ ಏನೋ, ಅಲ್ಲಿ ಹೋದಾಗೆಲ್ಲ ಮಾತು ನಿಂತುಹೋಗುತ್ತಿತ್ತು. ಕ್ಲಾಸಿನಲ್ಲಿ ಇದನ್ನು ಹೇಳುವಾಗ ಸುಮ್ನೆ ವರ್ಷಗಳನ್ನು ಓದಿಸಲಿಲ್ಲ. ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬನ್ನಿ ಅಂದೆ. ಕೆಲವರು ಕೇಳಿಕೊಂಡು ಬಂದರು, ಕೆಲವರು ಬರಲಿಲ್ಲ. ಬರದವರನ್ನು ಒತ್ತಾಯಿಸಲಿಲ್ಲ.

ರಾಜಕೀಯದ ಕಥೆಯನ್ನು ಬೇಗ ಮುಗಿಸಿದೆ. 1756ರಲ್ಲಿ ಈ ನೆಲ ತನ್ನದೆಂದು ಫ್ರಾನ್ಸ್ ಕಲ್ಲು ನೆಟ್ಟಿದ್ದು, 1814ರ ಒಪ್ಪಂದದಲ್ಲಿ ಬ್ರಿಟಿಷರ ಪಾಲಾದದ್ದು, 1976ರ ಜೂನ್ 29ರಂದು ಸ್ವಾತಂತ್ರ್ಯ, ವರ್ಷ ತುಂಬುವ ಮೊದಲೇ ಸರ್ಕಾರವನ್ನು ಉರುಳಿಸಿದ ದಂಗೆ. ಹೊರಗಿನಿಂದ ಬಂದ ನಾನು ಅದರಲ್ಲಿ ಯಾರು ಸರಿ ಅಂತ ಹೇಳಲು ಹೋಗಲಿಲ್ಲ. ಅಷ್ಟು ಚಿಕ್ಕ ಊರಿನಲ್ಲಿ ಎರಡೂ ಕಡೆಯವರ ಮೊಮ್ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ, ಅಲ್ವಾ?

ಪ್ರಲೇನಿಗೆ ದೋಣಿಯಲ್ಲಿ ಹೋದಾಗ ವಾಂತಿ ಮಾಡಿಕೊಂಡೆ. ಮಲ್ಪೆಯವಳು ಎಂಬ ಜಂಭ ಅಲ್ಲಿಗೆ ಮುಗಿಯಿತು. ಆದರೆ ವಾಲೆ ದ ಮೇ ಕಾಡಿನೊಳಗೆ ಕಾಲಿಟ್ಟಾಗ ಎಲ್ಲ ಮರೆತುಹೋಯ್ತು. ಇಪ್ಪತ್ತು ಹೆಕ್ಟೇರಿಗೂ ಕಡಿಮೆ ಜಾಗ. ಮೇಲೆ ತಾಳೆ ಗರಿಗಳು ಗಾಳಿಗೆ ಒಂದಕ್ಕೊಂದು ಬಡಿದು, ತಗಡಿನ ಮಾಡು ಅಲುಗಿದ ಹಾಗೆ ಸದ್ದು. ಇದು ಕೋಕೋ ದ ಮೇರ್, ಕಡಲ ತೆಂಗಿನ ಕಾಡು. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಲಿಯಲು ಆರೇಳು ವರ್ಷ ಬೇಕು. ಜೋಡಿ ಹೋಳಿನ ಆ ಬೀಜ ಇಪ್ಪತ್ತು ಕಿಲೋ ದಾಟುವುದೂ ಉಂಟು, ಜಗತ್ತಿನಲ್ಲೇ ಅತಿ ದೊಡ್ಡ ಬೀಜ. ಹಸಿ ಕಾಯಿ ನೀರಿನಲ್ಲಿ ಮುಳುಗುತ್ತದೆ. ಒಳಗೆ ಕೊಳೆತು ಟೊಳ್ಳಾದದ್ದು ಮಾತ್ರ ತೇಲುತ್ತದೆ. ಹಾಗೆ ತೇಲಿದ ಸತ್ತ ಕಾಯಿಗಳು ಮಾಲ್ಡೀವ್ಸ್‌ಗೆ, ಭಾರತದ ತೀರಕ್ಕೆ ಬಂದು ಬೀಳುತ್ತಿದ್ದವು. ಸಮುದ್ರದ ತಳದಲ್ಲಿ ಈ ಮರ ಬೆಳೆಯುತ್ತದೆ ಎಂದು ಜನ ನಂಬಿದ್ದರು. ರಾಜರು ಚಿನ್ನದ ತೂಕಕ್ಕೆ ಕೊಳ್ಳುವಂಥ ವಸ್ತು. ಫಕೀರರ ಕೈಯಲ್ಲಿ ದೋಣಿಯಾಕಾರದ ಕಪ್ಪು ಭಿಕ್ಷಾಪಾತ್ರೆ ನೋಡಿದ್ದೀರಾ? ಅದು ಇದರ ಚಿಪ್ಪು. 1768ರಲ್ಲಿ ಫ್ರೆಂಚರು ಪ್ರಲೇನಿನಲ್ಲಿ ಮರವನ್ನೇ ಕಂಡರು. ಮರುವರ್ಷವೇ ಹಡಗು ತುಂಬ ಕಾಯಿ ತಂದು ಭಾರತದ ಮಾರುಕಟ್ಟೆಗೆ ಸುರಿದರು. ಬೆಲೆ ನೆಲ ಕಚ್ಚಿತು. ಅಡಿಕೆ ಧಾರಣೆ ನೋಡಿ ಬೆಳೆದವಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಊಟದ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ತರಕಾರಿ ವಿಪರೀತ ದುಬಾರಿ, ಬಹಳಷ್ಟು ಹೊರಗಿನಿಂದಲೇ ಬರಬೇಕು. ಆದರೆ ಪೇಟೆಯಲ್ಲಿ ಜೀಗುಜ್ಜೆ (ದೀವಿ ಹಲಸು) ರಾಶಿ ಕಂಡಾಗ ಕುಣಿಯುವ ಹಾಗಾಯ್ತು. ಅವರ ಬಾಯಲ್ಲಿ ಅದು ಫ್ರಿಯಾಪೆನ್. ಅದನ್ನು ತಿಂದವರು ಈ ದ್ವೀಪಕ್ಕೆ ಮರಳಿ ಬಂದೇ ಬರುತ್ತಾರೆ ಎಂಬ ಮಾತಿದೆ. ನಮ್ಮ ಬಿಂಬುಲಿ ಅಲ್ಲಿ ಬಿಲೆಂಬಿ. ಶಾರ್ಕ್ ಮೀನಿನ ಜೊತೆ ಅದನ್ನು ಹಾಕಿ ಮಾಡುವುದಕ್ಕೆ ಸತಿನಿ ಅನ್ನುತ್ತಾರೆ. ಸತಿನಿ ಅಂದರೆ ಚಟ್ನಿ! ಈ ಪದಗಳನ್ನೂ ನಕ್ಷೆಯ ಅಂಚಿನಲ್ಲಿ ಬರೆಸಿದೆ. ಯಾವ ಪದ ಯಾವ ದಿಕ್ಕಿನಿಂದ ಬಂತು ಎಂದು ಬಾಣದ ಗುರುತು ಹಾಕಿ.

ಕೊನೆಯ ತಿಂಗಳು ಮಕ್ಕಳು ಒಂದು ಹಟ ಹಿಡಿದರು. ಮಿಸ್‌ನ ಊರೂ ನಕ್ಷೆಯಲ್ಲಿ ಬರಬೇಕು. ಲೆಕ್ಕ ಹಾಕಿದೆವು. ಮಾಹೆಯಿಂದ ಉಡುಪಿಗೆ ನೇರ ಗೆರೆ ಎಳೆದರೆ ಸುಮಾರು 2,900 ಕಿ.ಮೀ. ಐದು ಕಿಲೋಮೀಟರಿಗೆ ಒಂದು ಸೆಂಟಿಮೀಟರ್ ಆದರೆ ಐದು ಮೀಟರ್ ಎಂಬತ್ತು ಸೆಂಟಿಮೀಟರ್. ದಿಕ್ಕು ಈಶಾನ್ಯ. ಗೋಡೆಯ ಮೇಲೆ ಅಳೆದರೆ ದಾರ ಮಾಡು ದಾಟಿ ಹೊರಗೆ ಹೋಗುತ್ತದೆ. ಹಾಗಾಗಿ ನಕ್ಷೆ ಬಿಚ್ಚಿ ಅಂಗಳದಲ್ಲಿ ಹಾಸಿದೆವು. ಹಿಂದಿನ ಬೆಂಚಿನವನು ದಾರದ ತುದಿ ಹಿಡಿದು ನಡೆದ. ದಾರ ಬಿಗಿಯಾದ ಕಡೆ ನಿಂತ. ಅಲ್ಲಿ ಕೈ ತೊಳೆಯುವ ನಲ್ಲಿ ಇತ್ತು. ಸೀಮೆಸುಣ್ಣದಲ್ಲಿ ಒಂದು ಚುಕ್ಕಿ ಇಟ್ಟು, ಪಕ್ಕದಲ್ಲಿ ಉಡುಪಿ ಅಂತ ಬರೆದ. ಊಟದ ಬೆಲ್ ಹೊಡೆಯಿತು. ಹುಡುಗರು ಕೈ ತೊಳೆಯಲು ಓಡಿದರು, ಅರ್ಧ ಉಡುಪಿ ನೀರಲ್ಲಿ ಹೋಯಿತು.