ಜೀಪಿನ ಗಾಲಿ ಅಲೈನ್‌ಮೆಂಟ್: ದಾರ, ಟೇಪು, ಇಳಕಲ್ ಗ್ರಾನೈಟ್ ತುಂಡು

ಲೀಫ್ ಸ್ಪ್ರಿಂಗ್ ಮೇಲೆ ಕೂತ ಫೋರ್ ಬೈ ಫೋರ್ ಗಾಡಿಯ ಅಲೈನ್‌ಮೆಂಟ್ ಅಂದರೆ ಟೋ (ಮುಂದಿನ ಎರಡು ಗಾಲಿಯ ಮೂತಿ ಒಳಕ್ಕೆ ತಿರುಗಿದ್ದರೆ ಟೋ-ಇನ್, ಹೊರಕ್ಕಿದ್ದರೆ ಟೋ-ಔಟ್) ತಿರುಗಿಸೋದು, ಇನ್ನೇನೂ ಇಲ್ಲ ಅಂತ ಬಹಳ ಜನ ಹೇಳುತ್ತಾರೆ. ನನ್ನ ಪ್ರಕಾರ ಟೋ ಕೊನೆಯ ಕೆಲಸ. ಅದಕ್ಕಿಂತ ಮುಂಚೆ ಪ್ಲೇ, ಅಂದರೆ ಜೋಡಣೆಗಳಲ್ಲಿನ ಸಡಿಲ, ತೆಗೆಯಬೇಕು, ಆಕ್ಸಲ್ ಎರಡೂ ನೆಟ್ಟಗಿವೆಯಾ ನೋಡಬೇಕು, ಕ್ಯಾಸ್ಟರ್ (ಗಾಲಿ ತಿರುಗುವ ಗೂಟದ ಓರೆ) ಅಳೆಯಬೇಕು. ಇದನ್ನೆಲ್ಲ ಬಿಟ್ಟು ಟೋ ಒಂದನ್ನೇ ಹಿಡಿದು ಕೂತರೆ ಮಷೀನಿನ ಪರದೆ ಮೇಲೆ ಎಲ್ಲಾ ಹಸಿರು ಕಾಣುತ್ತದೆ, ಗಾಡಿ ಮಾತ್ರ ರಸ್ತೆ ತುಂಬಾ ಓಡಾಡುತ್ತದೆ.

ನನ್ನದು ಮಹೀಂದ್ರಾ ಎಂಎಂ 540. ಮುಂದೆ ಕಬ್ಬಿಣದ ಬಂಪರ್, ಅದರ ಮೇಲೆ ವಿಂಚ್, ಕೆಳಗೆ 235/75 ಆರ್ 15 ಟೈರು. ಹುನಗುಂದದ ಕಡೆ ಎರೆ ಹೊಲ ಇದೆ, ಗೊಬ್ಬರ, ಪಂಪ್‌ಸೆಟ್ ಸಾಮಾನು ಎಲ್ಲಾ ಇದರಲ್ಲೇ ಹೋಗುತ್ತದೆ. ಹೊಲದ ದಾರಿಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ವಿಜಯಪುರಕ್ಕೆ ಹೋಗುವ 50ನೇ ನಂಬರ್ ಹೆದ್ದಾರಿಗೆ ಹತ್ತಿ ಅರವತ್ತು ದಾಟಿದರೆ ಶುರು: ಸ್ಟೇರಿಂಗ್ ಸ್ವಲ್ಪ ಬಲಕ್ಕೆ ತಿರುಗಿಸಿಯೇ ಹಿಡಿಯಬೇಕು, ಅಷ್ಟಾದರೂ ಗಾಡಿ ಒಂದು ಗೆರೆ ಮೇಲೆ ನಿಲ್ಲೋದಿಲ್ಲ, ರಸ್ತೆಯ ಜೋಡಣೆ ಪಟ್ಟಿ ಬಂದರೆ ಮುಂದಿನ ಗಾಲಿ ಎರಡೂ ಗಡಗಡ ನಡುಗುತ್ತವೆ. ಮುಂದಿನ ಟೈರನ್ನು ಹೊರ ಅಂಚಿನಿಂದ ತಿನ್ನುತ್ತಿತ್ತು. ಟೈರ್ ಅಂಗಡಿಯಲ್ಲಿ ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿದೆ. ಪ್ರಿಂಟ್ ಕೊಟ್ಟರು, ದುಡ್ಡು ತಗೊಂಡರು. ಗಾಲಿ ಎತ್ತಿ ಒಮ್ಮೆಯೂ ಅಲ್ಲಾಡಿಸಿ ನೋಡಲಿಲ್ಲ.

ಜೀಪಿನ ಕೆಲಸದಲ್ಲೇ ತಲೆ ಹಣ್ಣಾದ ಒಬ್ಬ ಮಿಸ್ತ್ರಿ ಕಾಕಾ ಇದ್ದಾರೆ. ಪ್ರಿಂಟ್ ತೋರಿಸಿದರೆ ಅದನ್ನು ಮಡಚಿ ವಾಪಸ್ ನನ್ನ ಜೇಬಿಗೇ ಇಟ್ಟರು. "ತಮ್ಮಾ, ಮೊದಲ ಗಾಲಿ ಹಿಡದ ಅಳ್ಳಾಡಿಸಿ ನೋಡು. ಅಳತಿ ಆಮ್ಯಾಲ" ಅಂದರು. ಅಲ್ಲಿಂದ ಮುಂದಿನದನ್ನು ಮನೆಯಲ್ಲೇ ಮಾಡಿದೆ.

ಗಾಲಿ ಅಲ್ಲಾಡಿಸೋದಕ್ಕೂ ಮೊದಲು ಗಾಲಿ ತೊಳೆಯಿರಿ. ನಗಬೇಡಿ. ಎರೆ ಮಣ್ಣು ರಿಮ್ಮಿನ ಒಳಗಡೆ ಮೆತ್ತಿಕೊಂಡು ಒಣಗಿದರೆ ಸಿಮೆಂಟ್ ಹಾಗೆ ಗಟ್ಟಿ, ಬ್ಯಾಲೆನ್ಸ್ ಪೂರ್ತಿ ಕೆಡುತ್ತದೆ. ಆ ನಡುಕವನ್ನು ಅಲೈನ್‌ಮೆಂಟ್ ತಪ್ಪು ಅಂದುಕೊಂಡು ದುಡ್ಡು ಸುರಿದವರನ್ನು ನೋಡಿದ್ದೇನೆ. ಆಮೇಲೆ ನಾಲ್ಕೂ ಟೈರಿಗೆ ಗಾಳಿ ನೋಡಿ. ಮುಂದಿನ ಎರಡರಲ್ಲಿ ಗಾಳಿ ಸಮ ಇರಲೇಬೇಕು. ಗಾಡಿ ಒಂದೇ ಕಡೆ ಎಳೆಯುತ್ತಿದ್ದರೆ ಮುಂದಿನ ಎರಡು ಗಾಲಿಯನ್ನು ಅದಲು ಬದಲು ಮಾಡಿ ಓಡಿಸಿ. ಎಳೆತವೂ ಕಡೆ ಬದಲಿಸಿತು ಅಂದರೆ ತಪ್ಪು ಟೈರಿನದು. ಇನ್ನೊಂದು ಮಾತು, ನಮ್ಮ ರಸ್ತೆಗಳು ನಡುವೆ ಎತ್ತರ, ಅಂಚಿಗೆ ಇಳಿಜಾರು. ಎಡಗಡೆ ಓಡಿಸುವ ನಮಗೆ ಎಡಕ್ಕೆ ಸ್ವಲ್ಪ ಎಳೆಯೋದು ಸಹಜ. ನಾನು ಬೆಳಗಿನ ಜಾವ ನವನಗರದ ಖಾಲಿ ರಸ್ತೆಯಲ್ಲಿ, ನಟ್ಟನಡುವೆ ಓಡಿಸಿ ನೋಡುತ್ತೇನೆ.

ಈಗ ಪ್ಲೇ. ಗಟ್ಟಿ ನೆಲದ ಮೇಲೆ ಮುಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಅಲ್ಲಾಡಿತು ಅಂದರೆ ವೀಲ್ ಬೇರಿಂಗ್ ಇರಬೇಕು ಇಲ್ಲಾ ಕಿಂಗ್‌ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಗಾಲಿ ಯಾವುದರ ಮೇಲೆ ತಿರುಗುತ್ತದೋ ಆ ಗೂಟ) ಬೇರಿಂಗ್. ಯಾವುದು ಅಂತ ಗೊತ್ತಾಗೋದು ಹೇಗೆ? ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಬ್ರೇಕ್ ಹಿಡಿದಾಗ ಅಲ್ಲಾಟ ನಿಂತರೆ ವೀಲ್ ಬೇರಿಂಗು. ಹಿಡಿದರೂ ಅಲ್ಲಾಡುತ್ತಿದ್ದರೆ ಕಿಂಗ್‌ಪಿನ್. ಯಾಕಂದರೆ ಬ್ರೇಕ್ ಹಿಡಿದಾಗ ಹಬ್ಬು (ಗಾಲಿಯ ನಡುವಿನ ಗುಂಬ) ಮತ್ತು ನಕಲ್ (ಗಾಲಿ ಹೊತ್ತು ಕಿಂಗ್‌ಪಿನ್ ಮೇಲೆ ತಿರುಗುವ ತುಂಡು) ಒಂದೇ ಗಂಟಾಗುತ್ತವೆ, ಅವುಗಳ ನಡುವಿನ ಬೇರಿಂಗ್ ಸಡಿಲ ಕಾಣೋದಿಲ್ಲ. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಪ್ಲೇ ಕಂಡರೆ ಟೈ ರಾಡ್ (ಮುಂದಿನ ಎರಡು ಗಾಲಿಯನ್ನು ಜೋಡಿಸುವ ಸರಳು) ಎಂಡು, ಡ್ರ್ಯಾಗ್ ಲಿಂಕು (ಸ್ಟೇರಿಂಗ್ ಬಾಕ್ಸಿನಿಂದ ಗಾಲಿಗೆ ಎಳೆತ ಕೊಡುವ ಸರಳು), ಸ್ಟೇರಿಂಗ್ ಬಾಕ್ಸು ಒಂದೊಂದರ ಮೇಲೂ ಕೈ ಇಟ್ಟು ಹುಡುಕಿ. ಕಣ್ಣಿಗಿಂತ ಕೈಗೆ ಬೇಗ ಸಿಗುತ್ತದೆ.

ನನ್ನ ಗಾಡಿಯಲ್ಲಿ ಎಡಗಡೆ ಕಿಂಗ್‌ಪಿನ್ ಬೇರಿಂಗ್ ಸವೆದಿತ್ತು. ಗಡಗಡ ನಡುಕದ ಮೂಲ ಇದೇ. ಎರಡೂ ಕಡೆ ಹೊಸ ಬೇರಿಂಗ್ ಹಾಕಿಸಿ, ಕ್ಯಾಪಿನ ಕೆಳಗಿನ ಶಿಮ್ (ತೆಳು ತಗಡು) ತೆಗೆದು ಬಿಗಿ ಕೂರಿಸಿದೆವು. ಶಿಮ್ ಕಮ್ಮಿ ಮಾಡಿದಷ್ಟೂ ಬಿಗಿ ಜಾಸ್ತಿ. ಟೈ ರಾಡ್ ಬಿಚ್ಚಿಟ್ಟು, ನಕಲ್ಲಿನ ತೋಳಿಗೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆದು ನೋಡಿದರೆ ಎರಡೂ ಕಡೆ ಬಿಗಿ ಒಂದೇ ಇದೆಯಾ ಗೊತ್ತಾಗುತ್ತದೆ. ಎಷ್ಟು ಇರಬೇಕು ಅನ್ನೋದನ್ನು ನಿಮ್ಮ ಗಾಡಿಯ ಕೈಪಿಡಿ ನೋಡಿಯೇ ಇಡಿ. ಬೇಕಾದ್ದಕ್ಕಿಂತ ಬಿಗಿಯಾದರೆ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ವಾಪಸ್ ಬರೋದಿಲ್ಲ.

ನಡುಕ ಹೋಯಿತು. ಸ್ಟೇರಿಂಗ್ ಬಲಕ್ಕೆ ಹಿಡಿಯೋದು ಹಾಗೇ ಉಳಿಯಿತು. ಅಲೈನ್‌ಮೆಂಟ್ ಅಂಗಡಿಯವರು ಇಂಥದ್ದಕ್ಕೆ ಸ್ಟೇರಿಂಗ್ ವೀಲ್ ಬಿಚ್ಚಿ ನೆಟ್ಟಗೆ ಕೂರಿಸಿ ಕಳಿಸಿಬಿಡುತ್ತಾರೆ, ನೋಡೋದಕ್ಕೆ ಚೆಂದ, ಕಾರಣ ಮಾತ್ರ ಕೆಳಗೆ ಹಾಗೇ ಕೂತಿರುತ್ತದೆ. ನಾನು ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ ಎರಡೂ ಕಡೆ ಟೇಪ್ ಹಿಡಿದೆ. ಹಬ್ಬಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿಕೊಂಡರೆ ಅಳೆಯೋದು ಸಲೀಸು, ಮೂಲೆಯಿಂದ ಮೂಲೆಗೂ ಅಳೆಯಬಹುದು. ಎಡಗಡೆ ಬಲಗಡೆಗಿಂತ 9 ಮಿ.ಮೀ. ಕಮ್ಮಿ ಬಂತು. ಹಿಂದಿನ ಎಡ ಲೀಫಿನ ಸೆಂಟರ್ ಬೋಲ್ಟ್ (ಲೀಫಿನ ಮೇಲೆ ಆಕ್ಸಲ್ ಜರುಗದ ಹಾಗೆ ಹಿಡಿಯುವ ನಡು ಬೋಲ್ಟ್) ತುಂಡಾಗಿತ್ತು. ಯು-ಬೋಲ್ಟ್ ಹಿಡಿದುಕೊಂಡಿದ್ದರೂ ಲೋಡಿಗೆ ಆಕ್ಸಲ್ ಆ ಕಡೆ ಮುಂದೆ ಜಾರಿತ್ತು. ಹಿಂದಿನ ಆಕ್ಸಲ್ ಬಲಕ್ಕೆ ಮುಖ ಮಾಡಿದರೆ ಗಾಡಿ ಓರೆಯಾಗಿ ಓಡುತ್ತದೆ, ಮುಂದಿನ ಗಾಲಿಯನ್ನೂ ಬಲಕ್ಕೆ ತಿರುಗಿಸಿ ಹಿಡಿದರೆ ಮಾತ್ರ ನೇರ ಹೋಗುತ್ತದೆ. ಹೊಸ ಸೆಂಟರ್ ಬೋಲ್ಟ್, ಹೊಸ ಯು-ಬೋಲ್ಟ್ ಹಾಕಿದ ಮೇಲೆ ಎರಡೂ ಕಡೆ ಒಂದೇ ಅಳತೆ. ಯು-ಬೋಲ್ಟ್ ಹಳೆಯದನ್ನೇ ತಿರುಗಿ ಹಾಕಬೇಡಿ, ಒಮ್ಮೆ ಎಳೆದು ಬಿಗಿದ ಮೇಲೆ ಅದು ಮೊದಲಿನ ಹಾಗೆ ಹಿಡಿಯೋದಿಲ್ಲ.

ಮೂರನೆಯದು ಕ್ಯಾಸ್ಟರ್. ಕಿಂಗ್‌ಪಿನ್ನಿನ ಮೇಲ್ತುದಿ ಹಿಂದಕ್ಕೆ ಎಷ್ಟು ಒರಗಿದೆ ಅನ್ನೋದು. ಹಿಂದಕ್ಕೆ ಒರಗಿದ್ದರೆ ಗಾಲಿ ತಾನೇ ನೇರಕ್ಕೆ ಬರುತ್ತದೆ. ಕಮ್ಮಿಯಾದರೆ ಗಾಡಿ ಅಲೆಯುತ್ತದೆ, ಹೆದ್ದಾರಿಯಲ್ಲಿ ಪ್ರತಿ ಕ್ಷಣ ಸ್ಟೇರಿಂಗ್ ತಿದ್ದುತ್ತಲೇ ಇರಬೇಕು. ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿಗೆ ಕ್ಯಾಸ್ಟರ್ 3 ಡಿಗ್ರಿ, ಕ್ಯಾಂಬರ್ (ಎದುರಿನಿಂದ ನೋಡಿದಾಗ ಗಾಲಿಯ ಓರೆ) 1.5 ಡಿಗ್ರಿ, ಟೋ-ಇನ್ 3/64ರಿಂದ 3/32 ಇಂಚು ಅಂತ ಇತ್ತು. ನಮ್ಮ ಮಹೀಂದ್ರಾ ಜೀಪುಗಳು ಅದೇ ಬಳ್ಳಿಯವು, ಹಾಗಾಗಿ ನಾನು ಅದರ ಹತ್ತಿರಕ್ಕೇ ಗುರಿ ಇಟ್ಟೆ.

ಅಳೆದದ್ದು ಹೀಗೆ: ನೆಲ ಸಮ ಇದೆಯಾ ಅಂತ ಗೌಂಡಿಗಳ ನೀರಿನ ಲೆವಲ್ ಪೈಪ್ ಹಿಡಿದು ನೋಡಿದೆ, ಆಮೇಲೆ ಗಾಲಿ ನೇರ ಇಟ್ಟು, ಕಿಂಗ್‌ಪಿನ್ ಕ್ಯಾಪಿನ ಚಪ್ಪಟೆ ತಲೆ ಉಜ್ಜಿ ಸ್ವಚ್ಛ ಮಾಡಿ, ಅದರ ಮೇಲೆ ಮ್ಯಾಗ್ನೆಟ್ ಇರುವ ಡಿಜಿಟಲ್ ಆ್ಯಂಗಲ್ ಗೇಜನ್ನು ಮುಂದೆ ಹಿಂದೆ ದಿಕ್ಕಿಗೆ ಇಟ್ಟೆ. ಅರ್ಧ ಡಿಗ್ರಿ ಅಷ್ಟೇ! ಹಿಂದಿನ ಮಾಲೀಕರು ಎತ್ತರಕ್ಕೆ ಅಂತ ಮುಂದಿನ ಲೀಫಿಗೆ ಉದ್ದ ಶ್ಯಾಕಲ್ (ಲೀಫಿನ ತುದಿಯನ್ನು ಚಾಸಿಗೆ ಜೋಡಿಸುವ, ತೂಗಾಡುವ ಪಟ್ಟಿ) ಹಾಕಿಸಿದ್ದರು. ಈ ಜೀಪಿನಲ್ಲಿ ಶ್ಯಾಕಲ್ ಲೀಫಿನ ಮುಂದಿನ ತುದಿಗೆ ಇದೆ. ಅದು ಉದ್ದವಾದರೆ ಲೀಫಿನ ಮೂತಿ ಕೆಳಗಿಳಿದು ಇಡೀ ಆಕ್ಸಲ್ ಮುಂದಕ್ಕೆ ಮುಗ್ಗರಿಸುತ್ತದೆ, ಕ್ಯಾಸ್ಟರ್ ಹೋಗಿಬಿಡುತ್ತದೆ. ಕಂಪನಿ ಅಳತೆಯ ಶ್ಯಾಕಲ್ ವಾಪಸ್ ಹಾಕೋದೇ ಸರಿಯಾದ ದಾರಿ. ನನಗೆ ಟೈರಿಗೆ ಜಾಗ ಬೇಕಿತ್ತು, ಹಾಗಾಗಿ ವೆಡ್ಜ್ ಹಾಕಿದೆ.

ವೆಡ್ಜ್ ಅಂದರೆ ಲೀಫಿಗೂ ಆಕ್ಸಲ್ ಪ್ಯಾಡಿಗೂ ನಡುವೆ ಕೂರುವ ಓರೆ ತಟ್ಟೆ. ಬೆಳಗಾವಿಯ ಉದ್ಯಮಬಾಗದಲ್ಲಿ ಮಿಲ್ಲಿಂಗ್ ಮಷೀನ್ ಇರುವ ಶೆಡ್ಡುಗಳಿಗೆ ಬರ ಇಲ್ಲ. ಒಬ್ಬರಿಗೆ ಚಿತ್ರ ಬರೆದು ಕೊಟ್ಟೆ: ಉದ್ದ 110 ಮಿ.ಮೀ., ಒಂದು ತುದಿಗಿಂತ ಇನ್ನೊಂದು ತುದಿ 4.8 ಮಿ.ಮೀ. ದಪ್ಪ, ಅಂದರೆ 2.5 ಡಿಗ್ರಿ, ನಡುವೆ ಸೆಂಟರ್ ಬೋಲ್ಟಿಗೆ ತೂತು. ಸ್ಟೀಲಿನದೇ ಮಾಡಿಸಿ. ಅಲ್ಯೂಮಿನಿಯಂ ಅಗ್ಗ, ಆದರೆ ಲೋಡಿಗೆ ನುಜ್ಜಾಗುತ್ತದೆ, ಆಗ ಯು-ಬೋಲ್ಟ್ ಸಡಿಲವಾಗುತ್ತದೆ. ವೆಡ್ಜಿನ ದಪ್ಪ ಸೇರಿಸಿ ಸೆಂಟರ್ ಬೋಲ್ಟೂ ಉದ್ದ ಬೇಕು.

ದಪ್ಪ ತುದಿ ಯಾವ ಕಡೆ ಅನ್ನೋದರಲ್ಲಿ ಜಗಳ ಜಾಸ್ತಿ. ಆಕ್ಸಲ್ ಲೀಫಿನ ಮೇಲೆ ಕೂತಿದ್ದರೆ ದಪ್ಪ ತುದಿ ಮುಂದಕ್ಕೆ. ಆಗ ಆಕ್ಸಲ್ಲಿನ ಮೂತಿ ಮೇಲೆದ್ದು ಮೇಲ್ಭಾಗ ಹಿಂದಕ್ಕೆ ಒರಗುತ್ತದೆ. ಲೀಫನ್ನೇ ಆಕ್ಸಲ್ ಮೇಲೆ ಹತ್ತಿಸಿದ್ದರೆ ದಪ್ಪ ತುದಿ ಹಿಂದಕ್ಕೆ. ಹಾಕಿ ಅಳೆದಾಗ ಸುಮಾರು 3 ಡಿಗ್ರಿ ಬಂತು. ಇನ್ನೂ ಜಾಸ್ತಿ ಕೊಡಬಹುದಿತ್ತು ಅಂತ ಕೆಲವರು ಹೇಳಿದರು. ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಮುಂದಿನ ಡಿಫರೆನ್ಷಿಯಲ್ಲಿನ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಮೂತಿ) ಕೆಳಗೆ ಮುಖ ಮಾಡುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ ಕೋನ ಕೆಡುತ್ತದೆ. ಸುಮ್ನೆ ಯಾಕೆ ಆ ತಲೆನೋವು. ಅಂದಹಾಗೆ, ಹಿಂದೆ ಗೊಬ್ಬರದ ಚೀಲ ಹೇರಿದಾಗ ಹಿಂಭಾಗ ಕುಗ್ಗಿ ಕ್ಯಾಸ್ಟರ್ ತಾನಾಗಿ ಸ್ವಲ್ಪ ಏರುತ್ತದೆ. ಅದಕ್ಕೇ ಅಳೆಯುವಾಗ ಗಾಡಿಯಲ್ಲಿ ದಿನಾ ಇರುವಷ್ಟು ತೂಕ ಇರಲಿ, ಡೀಸೆಲ್ ಟ್ಯಾಂಕೂ ತುಂಬಿರಲಿ.

ಕ್ಯಾಂಬರ್ ಬಗ್ಗೆ ಹೇಳೋದು ಕಮ್ಮಿ. ಇಡೀ ಆಕ್ಸಲ್ ಒಂದೇ ಕಬ್ಬಿಣ, ತಿರುಗಿಸಲು ಬೋಲ್ಟ್ ಇಲ್ಲ. ಕ್ಯಾಂಬರ್ ತಪ್ಪಿದೆ ಅಂದರೆ ಆಕ್ಸಲ್ ಬಾಗಿದೆ, ಇಲ್ಲಾ ಬೇರಿಂಗ್ ಹೋಗಿದೆ.

ಕೊನೆಗೆ ಟೋ. ಇಳಕಲ್ ಕಡೆ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಗಳ ಹಿಂದೆ ಒಡೆದ ತುಂಡುಗಳ ರಾಶಿ ಬಿದ್ದಿರುತ್ತದೆ. ಅಲ್ಲಿಂದ ನಾಲ್ಕು ತುಂಡು ತಂದೆ. ಪಾಲಿಶ್ ಮುಖಗಳನ್ನು ಎದುರುಬದುರು ಇಟ್ಟು ನಡುವೆ ಗ್ರೀಸ್ ಹಚ್ಚಿ, ಒಂದೊಂದು ಜೋಡಿ ಮೇಲೆ ಮುಂದಿನ ಒಂದೊಂದು ಗಾಲಿ ಇಳಿಸಿದೆ. ಹಿಂದಿನ ಗಾಲಿ ಕೆಳಗೂ ಅಷ್ಟೇ ಎತ್ತರದ ಕಲ್ಲು. ಟೈ ರಾಡ್ ತಿರುಗಿಸಿದಾಗ ಗಾಲಿ ನೆಲಕ್ಕೆ ಕಚ್ಚಿಕೊಳ್ಳದೆ ಸಲೀಸಾಗಿ ಜಾರುತ್ತದೆ, ಪ್ರತಿ ಸಲ ಗಾಡಿ ಹಿಂದೆ ಮುಂದೆ ತಳ್ಳುವ ಕೆಲಸ ಉಳಿಯಿತು. ಗಾಲಿ ಇಳಿಸೋದಕ್ಕೆ ಮುಂಚೆ, ಮೇಲೆತ್ತಿದ್ದಾಗಲೇ ಟೈರಿನ ನಡುವೆ ಸುಣ್ಣ ಬಳಿದು, ಹಲಗೆಗೆ ಹೊಡೆದ ಮೊಳೆಯನ್ನು ಅಲ್ಲಾಡದ ಹಾಗೆ ಹಿಡಿದು ಗಾಲಿ ತಿರುಗಿಸಿದರೆ ಸುತ್ತಲೂ ತೆಳ್ಳನೆ ಗೆರೆ ಬೀಳುತ್ತದೆ. ರಿಮ್ ಸ್ವಲ್ಪ ಡೊಂಕಿದ್ದರೂ ಈ ಗೆರೆ ಸುಳ್ಳು ಹೇಳೋದಿಲ್ಲ.

ಹಬ್ಬಿನ ಎತ್ತರದಲ್ಲಿ ಮುಂದೆ ಟೇಪ್ ಹಿಡಿಯಬಹುದು, ಹಿಂದೆ ಲೀಫು, ಎಂಜಿನ್ ಎಣ್ಣೆಯ ಚೇಂಬರು ಅಡ್ಡ ಬರುತ್ತವೆ. ಅದಕ್ಕೆ ಒಂದು ಚೌಕ ಪೈಪಿಗೆ ಎರಡು ಕಂಬಿ ನಿಲ್ಲಿಸಿ, ತುದಿ ಚೂಪು ಮಾಡಿ, ಕೆಳಗಿಂದ ತೂರಿಸಿ ಗೆರೆಗೆ ತಾಗಿಸಿ ಅಳೆದೆ. ಮುಂದಿನ ಅಳತೆ ಹಿಂದಿನದಕ್ಕಿಂತ 12 ಮಿ.ಮೀ. ಕಮ್ಮಿ. ಬೇಕಾದ್ದು 2. ಈ 10 ಮಿ.ಮೀ. ಎಷ್ಟು ಮಹಾ ಅನ್ನಿಸಬಹುದು. ಈ ಟೈರಿನ ಎತ್ತರ ಸುಮಾರು 733 ಮಿ.ಮೀ. ಲೆಕ್ಕ ಹಾಕಿದರೆ ಒಂದೊಂದು ಗಾಲಿಯೂ ಕಿಲೋಮೀಟರಿಗೆ ಸುಮಾರು 6.8 ಮೀಟರ್ ಅಡ್ಡಕ್ಕೆ ಉಜ್ಜುತ್ತದೆ. ಬೆಂಗಳೂರಿಗೆ 450 ಕಿಲೋಮೀಟರ್ ಅಂತ ಹಿಡಿಯಿರಿ, ಮೂರು ಕಿಲೋಮೀಟರ್ ಟೈರನ್ನು ಅಡ್ಡ ಎಳೆದುಕೊಂಡು ಹೋದ ಹಾಗಾಯಿತು ಅಲ್ವಾ? ಗೇಜ್ ಇಲ್ಲದಿದ್ದರೂ ಅಂಗೈಯಲ್ಲೇ ಇದು ಗೊತ್ತಾಗುತ್ತದೆ. ಟೈರಿನ ಮೇಲೆ ಹೊರಗಿನಿಂದ ಒಳಗೆ ಕೈ ಆಡಿಸಿದರೆ ನುಣುಪು, ಒಳಗಿನಿಂದ ಹೊರಗೆ ಆಡಿಸಿದರೆ ತರಚುತ್ತದೆ ಅಂದರೆ ಟೋ-ಇನ್ ಜಾಸ್ತಿ. ಉಲ್ಟಾ ಇದ್ದರೆ ಟೋ-ಔಟ್.

ಟೈ ರಾಡಿನ ಎರಡೂ ಕ್ಲಾಂಪ್ ಸಡಿಲ ಮಾಡಿ ಪೈಪ್ ಪಾನಾದಿಂದ ನಡುವಿನ ಕೊಳವೆ ತಿರುಗಿಸಬೇಕು, ಒಂದು ತುದಿಗೆ ಎಡ ಚೂಡಿ, ಇನ್ನೊಂದಕ್ಕೆ ಬಲ ಚೂಡಿ. ಟೈ ರಾಡ್ ಆಕ್ಸಲ್ ಹಿಂದೆ ಇದ್ದರೆ ಉದ್ದ ಮಾಡಿದಷ್ಟೂ ಟೋ-ಇನ್ ಆಗುತ್ತದೆ, ಮುಂದೆ ಇದ್ದರೆ ಟೋ-ಔಟ್. ವರ್ಷಗಟ್ಟಲೆ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. 2 ಮಿ.ಮೀ.ಗೆ ತಂದು ಬಿಗಿದ ಮೇಲೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಕ್ಲಾಂಪಿನ ಬೋಲ್ಟ್ ಎಲ್ಲಿಯೂ ತಾಗೋದಿಲ್ಲ ಅಂತ ನೋಡಿಕೊಳ್ಳಿ. ಸ್ಟೇರಿಂಗ್ ವೀಲ್ ನಡುವಿಗೆ ಬರೋದು ಡ್ರ್ಯಾಗ್ ಲಿಂಕಿನಿಂದ, ಅದು ಎಲ್ಲಕ್ಕಿಂತ ಆಮೇಲೆ.

ಈಗ ಎಂಬತ್ತರಲ್ಲೂ ಸ್ಟೇರಿಂಗ್ ಮೇಲೆ ಎರಡು ಬೆರಳು ಸಾಕು. ವೆಡ್ಜ್ ಹಾಕಿದ ಮೇಲೆ ಕೆಲವು ನೂರು ಕಿಲೋಮೀಟರ್ ಓಡಿಸಿ ಯು-ಬೋಲ್ಟ್ ನಟ್ ಮತ್ತೆ ಬಿಗಿದೆ, ಸ್ವಲ್ಪ ತಿರುಗಿದವು ಕೂಡ.

ಸ್ಕಾರ್ಪಿಯೋ, ಫಾರ್ಚುನರ್ ಇದ್ದವರು ಇದನ್ನು ಪೂರ್ತಿ ಹೀಗೇ ಮಾಡಲು ಹೋಗಬೇಡಿ. ಅವುಗಳಲ್ಲಿ ಮುಂದಿನ ಎರಡು ಗಾಲಿಯ ಸಸ್ಪೆನ್ಷನ್ ಬೇರೆ ಬೇರೆ, ಗಾಡಿ ಎತ್ತರ ಬದಲಾದರೆ ಟೋ, ಕ್ಯಾಂಬರ್ ಎರಡೂ ಬದಲಾಗುತ್ತವೆ, ಅವಕ್ಕೆ ಮಷೀನೇ ಬೇಕು. ಪ್ಲೇ ನೋಡೋದು, ಗಾಳಿ, ಟೈರ್ ಅದಲು ಬದಲು ಇಷ್ಟನ್ನು ಮನೆಯಲ್ಲೇ ಮುಗಿಸಿ ಹೋಗಿ. ಅಂಗಡಿಯಲ್ಲಿ ಕ್ಯಾಸ್ಟರ್ ಕ್ಯಾಂಬರ್ ಮೊದಲು, ಟೋ ಆಮೇಲೆ ಮಾಡಿ ಅಂತ ಹೇಳಿ, ಪಕ್ಕದಲ್ಲೇ ನಿಂತು ಮಾಡಿಸಿ.