ಏದುಸಿರು, ಯು1-ಆರ್‌ಎನ್‌ಪಿ ಮತ್ತು ನಾನು ಕಳೆದುಕೊಂಡ ಐದು ತಿಂಗಳು

ಮುಂಬಯಿಯಲ್ಲಿ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ರೋಗಿಗಳನ್ನು ನೋಡುವ ನಾನು, ಉಸಿರಿನ ತೊಂದರೆಯನ್ನು ರೈಲ್ವೆ ಸ್ಟೇಷನ್ನಿನ ಸೇತುವೆಯ ಲೆಕ್ಕದಲ್ಲಿ ಅಳೆಯುತ್ತೇನೆ. ಇದನ್ನು ಕಲಿಸಿದವರು ಡೊಂಬಿವಲಿಯಿಂದ ಬರುತ್ತಿದ್ದ, ಮೂಲತಃ ಕುಂದಾಪುರದ ಕಡೆಯ ಒಬ್ಬ ಹೆಣ್ಣುಮಗಳು. "ಡಾಕ್ಟ್ರೇ, ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ದಮ್ಮು ಕಟ್ಟುತ್ತದೆ, ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ಹತ್ತುತ್ತೇನೆ" ಎಂದು ಅವರು ಹೇಳಿದಾಗ ನಾನು ಹಿಮೋಗ್ಲೋಬಿನ್ 9 ಇರುವುದನ್ನು ನೋಡಿ, ರಕ್ತಹೀನತೆಯ ಮೇಲೆ ಹೊರಿಸಿ, ಕಬ್ಬಿಣದ ಮಾತ್ರೆ ಬರೆದುಕೊಟ್ಟೆ. ಹೊರಗೆ ಮಾಡಿಸಿದ್ದ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ ಎಲ್ಲವೂ ಸರಿಯಾಗಿದೆ ಎಂದಿತ್ತು. ಹೀಗೆ ಐದು ತಿಂಗಳು ಹೋದವು.

ಉತ್ತರದ ಅರ್ಧ ಭಾಗ ಅವರ ಫೈಲಿನಲ್ಲೇ ಇತ್ತು. ರೋಗನಿರ್ಣಯದ ವೇಳೆ ಮಾಡಿಸಿದ ಪ್ರತಿಕಾಯಗಳ (ಆಂಟಿಬಾಡಿಗಳ) ವರದಿಯಲ್ಲಿ ಯು1-ಆರ್‌ಎನ್‌ಪಿ ಎಂಬ ಪ್ರತಿಕಾಯದ ಪಟ್ಟಿ ದಟ್ಟವಾಗಿ ಮೂಡಿತ್ತು. ಎಸ್‌ಎಸ್‌ಎ ಎಂಬ ಇನ್ನೊಂದು ಪ್ರತಿಕಾಯವೂ ಇತ್ತು. ಆದರೆ ನನ್ನ ಕಣ್ಣು ಪ್ರತಿಸಲವೂ ಲೂಪಸ್ಸಿನ ಚಟುವಟಿಕೆ ತೋರಿಸುವ ರಕ್ತಪರೀಕ್ಷೆಗಳಾದ ಡಿಎಸ್-ಡಿಎನ್‌ಎ, ಸಿ3, ಸಿ4 ಮತ್ತು ಮೂತ್ರದ ಪ್ರೋಟೀನಿನ ಕಡೆಗೆ ಹೋಗುತ್ತಿತ್ತು, ಅವೆಲ್ಲ ಶಾಂತವಾಗಿದ್ದುದರಿಂದ ಲೂಪಸ್ಸೂ ಶಾಂತವಾಗಿದೆ ಎಂದುಕೊಂಡಿದ್ದೆ. ಮೂತ್ರಪಿಂಡವೂ ಚರ್ಮವೂ ಸುಮ್ಮನಿರುವಾಗಲೇ ಶ್ವಾಸಕೋಶದ ಅಪಧಮನಿಗಳ ಗೋಡೆ ದಪ್ಪವಾಗುತ್ತ, ಅವುಗಳೊಳಗಿನ ಒತ್ತಡ ಏರುತ್ತ, ಹೃದಯದ ಬಲ ಕುಹರ ಬಳಲುತ್ತ ಹೋಗಬಹುದು; ಇದನ್ನು ಪಲ್ಮನರಿ ಹೈಪರ್‌ಟೆನ್ಷನ್ ಎನ್ನುತ್ತಾರೆ. ಆಫೀಸಿನ ಎಸಿಯಲ್ಲಿ ಬೆರಳುಗಳು ಬಿಳಚಿಕೊಂಡು ಆಮೇಲೆ ನೀಲಿಗಟ್ಟುತ್ತವೆ ಎಂದು ಅವರು ಹಿಂದೆಯೇ ಹೇಳಿದ್ದರು. ಈ ರೇನೋ ಲಕ್ಷಣದ ಜೊತೆ ಯು1-ಆರ್‌ಎನ್‌ಪಿ ಇರುವ ಲೂಪಸ್ ರೋಗಿ ಏದುಸಿರು ಬಿಟ್ಟರೆ, ರಕ್ತಹೀನತೆಗಿಂತ ಮೊದಲು ಈ ಅಪಧಮನಿಗಳನ್ನು ನೆನೆಯಬೇಕಿತ್ತು.

ಎಕೋವನ್ನು ಮತ್ತೆ ಮಾಡಿಸಿದೆ. ಈ ಬಾರಿ ಟ್ರೈಕಸ್ಪಿಡ್ ಕವಾಟದಿಂದ ಹಿಮ್ಮುಖವಾಗಿ ಚಿಮ್ಮುವ ರಕ್ತದ ವೇಗವನ್ನು ಬಿಡದೆ ಅಳೆಯುವಂತೆ ಚೀಟಿಯಲ್ಲಿ ಬರೆದಿದ್ದೆ. ಅದು ಸೆಕೆಂಡಿಗೆ 3.6 ಮೀಟರ್ ಬಂತು. 2.8ರ ಒಳಗಿದ್ದರೆ ಈ ಒತ್ತಡದ ಅನುಮಾನ ಕಡಿಮೆ, 3.4 ದಾಟಿದರೆ ಹೆಚ್ಚು. ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯ, ಅಂದರೆ ಡಿಎಲ್‌ಸಿಒ, ಬಹಳ ಕುಸಿದಿತ್ತು. (ರಕ್ತಹೀನತೆಯೂ ಇದನ್ನು ತಗ್ಗಿಸುವುದರಿಂದ ಹಿಮೋಗ್ಲೋಬಿನ್‌ಗೆ ಸರಿಹೊಂದಿಸಿದ ಅಂಕಿಯನ್ನೇ ಕೇಳಿ ಪಡೆಯಬೇಕು.) ಆದರೂ ಎಕೋ ನೋಡಿ ಔಷಧ ಶುರುಮಾಡಲಿಲ್ಲ. ಬಲಹೃದಯಕ್ಕೆ ಕ್ಯಾಥೆಟರ್ ಹಾಕಿ ನೋಡಿದಾಗ ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ 38 ಮಿ.ಮೀ. ಪಾದರಸ, ವೆಜ್ ಒತ್ತಡ (ಎಡಹೃದಯದ ಕಡೆಯ ಒತ್ತಡದ ಸೂಚಕ) 9, ನಾಳಗಳ ಪ್ರತಿರೋಧ 7 ವುಡ್ ಯೂನಿಟ್‌ಗಳಿಗೆ ಮೇಲೆ. ಸರಾಸರಿ ಒತ್ತಡದ ಮಿತಿ ಬಹುಕಾಲ 25 ಇದ್ದದ್ದು ಈ ಕಾಯಿಲೆಯ ಕುರಿತ 2018ರ ನೀಸ್ ಸಮ್ಮೇಳನದ ನಂತರ 20ಕ್ಕೆ ಇಳಿದಿದೆ. ಇವರ ವಿಷಯದಲ್ಲಿ ಹಳೆಯ ಮಿತಿಯೇ ಸಾಕಿತ್ತು.

ಯು1-ಆರ್‌ಎನ್‌ಪಿ ಇದೆಯೆಂದರೆ ಒತ್ತಡ ಇದೆಯೆಂದಲ್ಲ. ಆ ಪ್ರತಿಕಾಯವಿರುವ ಬಹಳಷ್ಟು ಜನರಿಗೆ ಏನೂ ಆಗುವುದಿಲ್ಲ, ಮತ್ತು ಅದೇ ನಾಳವನ್ನು ಕೆಡಿಸುತ್ತದೆಂದು ಸಾಬೀತಾಗಿಲ್ಲ. ಯಾರನ್ನು ಬಿಡದೆ ಹುಡುಕಬೇಕು ಎಂಬುದಕ್ಕಷ್ಟೇ ಅದನ್ನು ಬಳಸುತ್ತೇನೆ. ರಕ್ತ ಹೆಪ್ಪುಗಟ್ಟಲು ಕಾರಣವಾಗುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ಕಥೆ ಬೇರೆ, ಏಕೆಂದರೆ ಅವು ಚಿಕಿತ್ಸೆಯ ದಾರಿಯನ್ನೇ ತಿರುಗಿಸಬಲ್ಲವು. ಅಲ್ಲಿ ಒತ್ತಡ ಏರಲು ಕರಗದೆ ಉಳಿದ ಹೆಪ್ಪುಗಳೇ ಕಾರಣವಾಗಿರಬಹುದು. ಹಾಗಿದ್ದರೆ ಬೇಕಾದದ್ದು ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್, ಮತ್ತು ಸಾಧ್ಯವಾದರೆ ಹೆಪ್ಪನ್ನು ಸುಲಿದು ತೆಗೆಯುವ ಶಸ್ತ್ರಚಿಕಿತ್ಸೆ. ಆದ್ದರಿಂದ ಶ್ವಾಸಕೋಶದಲ್ಲಿ ಗಾಳಿ ಮತ್ತು ರಕ್ತ ಎಲ್ಲೆಲ್ಲಿ ತಲುಪುತ್ತವೆಂದು ತೋರಿಸುವ ವೆಂಟಿಲೇಷನ್-ಪರ್ಫ್ಯೂಷನ್ ಸ್ಕ್ಯಾನ್ ಆಗದೆ ನಾನು ಮುಂದಿನ ಹೆಜ್ಜೆ ಇಡುವುದಿಲ್ಲ. ಸಿಟಿ ಆಗಿದೆಯಲ್ಲ ಎಂದು ಸಹೋದ್ಯೋಗಿಗಳು ಹೇಳಿದರೂ ಹಳೆಯ ಹೆಪ್ಪುಗಳು ಸಿಟಿಯಲ್ಲಿ ತಪ್ಪಿಹೋಗುವುದುಂಟು. ಇದೇ ಗುಂಪಿನ ಪ್ರತಿಕಾಯವಾದ ಲೂಪಸ್ ಆಂಟಿಕೋಆಗ್ಯುಲೆಂಟ್‌ನ ಪರೀಕ್ಷೆಯ ರಕ್ತವನ್ನು ಹೆಪಾರಿನ್ ಅಥವಾ ವಾರ್ಫರಿನ್ ಶುರುವಾಗುವ ಮೊದಲೇ ತೆಗೆಸುತ್ತೇನೆ, ಪಾಸಿಟಿವ್ ಬಂದರೆ 12 ವಾರಗಳ ನಂತರ ಮತ್ತೊಮ್ಮೆ ಮಾಡಿಸುತ್ತೇನೆ.

ಈಕೆಯ ಸ್ಕ್ಯಾನಿನಲ್ಲಿ ಹೆಪ್ಪಿನ ಗುರುತಿರಲಿಲ್ಲ, ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳೂ ಇರಲಿಲ್ಲ. ಚರ್ಮ ಗಟ್ಟಿಯಾಗುವ ಸ್ಕ್ಲಿರೋಡರ್ಮಾ ರೋಗಿಗಳಲ್ಲಿ ಕಾಣದ ಒಂದು ಅನುಕೂಲ ಲೂಪಸ್‌ನಲ್ಲಿದೆ: ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳಿಗೆ ಕೆಲವರ ಅಪಧಮನಿಯ ಒತ್ತಡ ಇಳಿಯುತ್ತದೆ. ತಿಂಗಳಿಗೊಂದರಂತೆ ಆರು ಬಾರಿ ಸೈಕ್ಲೋಫಾಸ್ಫಮೈಡ್, ಜೊತೆಗೆ ಪ್ರೆಡ್ನಿಸೊಲೋನ್ ಕೊಟ್ಟೆವು. ಲೂಪಸ್ಸಿನ ನಿತ್ಯದ ಮಾತ್ರೆ ಹೈಡ್ರಾಕ್ಸಿಕ್ಲೋರೊಕ್ವಿನ್ ನಡೆದೇ ಇತ್ತು. ಹೃದ್ರೋಗ ತಜ್ಞರು ಶ್ವಾಸಕೋಶದ ನಾಳಗಳನ್ನು ಸಡಿಲಿಸುವ, ಗಂಡಸರ ಲೈಂಗಿಕ ದೌರ್ಬಲ್ಯಕ್ಕೂ ಕೊಡುವ ಟಡಾಲಫಿಲ್ ಸೇರಿಸಿದರು. ಆ ಮಾತ್ರೆಯ ಹೆಸರನ್ನು ಮೆಡಿಕಲ್ ಅಂಗಡಿಯವನು ಕೇಳಿ ನಕ್ಕನೆಂದು ಆಕೆಯ ಗಂಡ ಮುಜುಗರದಿಂದ ಹೇಳಿದ ಮೇಲೆ, ಅದು ಏಕೆಂಬುದನ್ನು ಚೀಟಿಯಲ್ಲೇ ಬರೆಯುವುದನ್ನು ರೂಢಿ ಮಾಡಿಕೊಂಡೆ.

ಎಂಟನೆಯ ತಿಂಗಳ ಹೊತ್ತಿಗೆ ಆರು ನಿಮಿಷದ ನಡಿಗೆಯ ದೂರ ಹೆಚ್ಚಿತ್ತು, ಹೃದಯದ ಮೇಲಿನ ಹೊರೆ ತೋರಿಸುವ ಎನ್‌ಟಿ-ಪ್ರೋಬಿಎನ್‌ಪಿ ಇಳಿದಿತ್ತು, ಎರಡನೆಯ ಕ್ಯಾಥೆಟರ್‌ನಲ್ಲಿ ಒತ್ತಡ 27 ಬಂತು. ಈಗ ಅವರು ಗಾಡಿ ಬಿಡುವುದಿಲ್ಲ, ಆದರೆ ಸೇತುವೆಯ ನಡುವೆ ಒಮ್ಮೆ ನಿಲ್ಲುತ್ತಾರೆ. ಮಗುವಿನ ವಿಚಾರ ಮನೆಯಲ್ಲಿ ಎದ್ದಿದೆ. ಈ ಒತ್ತಡವಿರುವಾಗ ಗರ್ಭ ಧರಿಸುವುದು ಜೀವಕ್ಕೇ ಅಪಾಯವೆಂದು ಅವರಿಬ್ಬರಿಗೂ ಹೇಳಿದ್ದೇನೆ. ಮುಂದಿನ ಭೇಟಿಗೆ ಅತ್ತೆಯವರನ್ನೂ ಕರೆತರಲು ತಿಳಿಸಿದ್ದೇನೆ.