ಹಾಸಿಗೆ ಅಳೆದು ಮಾಡಿಕೊಂಡ ಮದುವೆ

ನಮ್ಮ ಮದುವೆ ನಿಶ್ಚಯವಾದ ದಿನದಿಂದ 'ಹಾಸಿಗೆ ಇದ್ದಷ್ಟು ಕಾಲು ಚಾಚಿ' ಅಂತ ಎಲ್ಲರೂ ಹೇಳಿದರು. ಹಾಸಿಗೆ ಅಳೆಯೋದು ಹೇಗೆ ಅಂತ ಮಾತ್ರ ಯಾರೂ ಹೇಳಲಿಲ್ಲ. ಒಂದು ರಾತ್ರಿ ನಾವಿಬ್ಬರೂ ಕೂತು, ಕೈಯಲ್ಲಿರುವ ಉಳಿತಾಯ ಎಷ್ಟು, ಮದುವೆಯೊಳಗೆ ಇನ್ನೆಷ್ಟು ಕೂಡಿಡಬಹುದು ಅಂತ ಬರೆದೆವು. ಸಾಲ ಮಾಡೋದು ಬೇಡ ಅಂತ ಮೊದಲೇ ಮಾತಾಗಿತ್ತು. ಒಟ್ಟು ಮೊತ್ತದಲ್ಲಿ ಶೇ. 10ರಷ್ಟನ್ನು ಬೇರೆ ಖಾತೆಗೆ ಹಾಕಿದೆವು. ಆ ದುಡ್ಡು ಇಲ್ಲವೇ ಇಲ್ಲ ಅಂದುಕೊಂಡು ಉಳಿದದ್ದಕ್ಕೆ ಲೆಕ್ಕ ಹಾಕಿದೆವು.

ಅತಿಥಿಗಳ ಮೊದಲ ಪಟ್ಟಿಯಲ್ಲಿ 340 ಹೆಸರಿದ್ದವು. ನಾನು ಅಲಂಕಾರ ಕಡಿಮೆ ಮಾಡಿದೆ, ಬಟ್ಟೆ ಕಡಿಮೆ ಮಾಡಿದೆ. ಆದರೂ ಲೆಕ್ಕ ಕೂಡಲಿಲ್ಲ. ಕಾರಣ ಹೊಳೆಯೋಕೆ ಒಂದು ವಾರ ಬೇಕಾಯಿತು. ಊಟ, ಕುರ್ಚಿ, ಹಾಲ್‌ನ ಅಳತೆ, ಬಡಿಸುವವರ ಸಂಖ್ಯೆ, ಆಮಂತ್ರಣ ಪತ್ರ ಎಲ್ಲವೂ ತಲೆ ಲೆಕ್ಕದಲ್ಲೇ ಏರುತ್ತವೆ. ಹೂವಿನಲ್ಲಿ ಉಳಿಸೋದು ಚಿಲ್ಲರೆ, ಪಟ್ಟಿಯಲ್ಲಿ ಉಳಿಸೋದು ನೋಟು.

ಆದರೆ ಪಟ್ಟಿಗೆ ಕೈ ಹಾಕಿದರೆ ಮನೆಯಲ್ಲಿ ಜಗಳ ಗ್ಯಾರಂಟಿ.

"ಇವರನ್ನ ಬಿಟ್ರೆ ಏನಂದ್ಕೊಳ್ತಾರೆ?" ಅಂತ ಅಮ್ಮ.

"ಅವರು ನಮ್ಮನೆಗೆ ಕೊನೇ ಸಲ ಬಂದಿದ್ದು ಯಾವಾಗಮ್ಮ?" ಅಂತ ನಾನು.

ಹೀಗೇ ಮೂರು ಸಂಜೆ ಕಳೆಯಿತು. ಕೊನೆಗೆ ಒಂದು ನಿಯಮಕ್ಕೆ ಎರಡೂ ಮನೆಯವರು ಒಪ್ಪಿದರು. ಕಳೆದ ಎರಡು ವರ್ಷದಲ್ಲಿ ನಮ್ಮಿಬ್ಬರಲ್ಲಿ ಒಬ್ಬರಾದರೂ ಮಾತಾಡಿರುವವರಿಗೆ ಮಾತ್ರ ಕರೆ. ವಯಸ್ಸಾದವರಿಗೆ ಈ ನಿಯಮ ಇಲ್ಲ. ಪಟ್ಟಿ 120ಕ್ಕೆ ಇಳಿಯಿತು. ಬಿಟ್ಟುಹೋದವರಲ್ಲಿ ಒಬ್ಬರು ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡೋದಿಲ್ಲ. ಅದು ನನಗೂ ಬೇಜಾರೇ.

ಜನ ಕಡಿಮೆಯಾದ ಮೇಲೆ ಚಿಕ್ಕ ಹಾಲ್ ಸಾಕಾಯಿತು. ವಾರಾಂತ್ಯ ಬಿಟ್ಟು ವಾರದ ಮಧ್ಯೆ ದಿನ ಹಿಡಿದದ್ದಕ್ಕೆ ಬಾಡಿಗೆಯೂ ಇಳಿಯಿತು. ಇಲ್ಲೇ ನಾನು ಎಡವಿದ್ದು. ಬಾಡಿಗೆ ಎಷ್ಟು ಅಂತ ಕೇಳಿದೆ, ಅದರಲ್ಲಿ ಏನೇನು ಸೇರಿದೆ ಅಂತ ಕೇಳಲಿಲ್ಲ. ಕೊನೆಯ ಬಿಲ್‌ನಲ್ಲಿ ಸ್ವಚ್ಛತೆಗೆ ಬೇರೆ, ಜನರೇಟರ್‌ಗೆ ಬೇರೆ, ಹಾಲ್ ಖಾಲಿ ಮಾಡೋದು ತಡವಾಗಿದ್ದಕ್ಕೆ ಒಂದು ಗಂಟೆಯ ಬಾಡಿಗೆ ಬೇರೆ! ಬದಿಗಿಟ್ಟ ಆ ಶೇ. 10ರಲ್ಲಿ ಹೆಚ್ಚಿನದು ಅಲ್ಲೇ ಹೋಯಿತು. ಅಲಂಕಾರಕ್ಕೆ, ಸಾಮಾನು ಎತ್ತೋದಕ್ಕೆ ಹಿಡಿಯುವ ಹೊತ್ತೂ ಬಾಡಿಗೆಯ ಸಮಯದೊಳಗೇ ಬರುತ್ತದಾ, ದಿನ ಬದಲಾದರೆ ಅಡ್ವಾನ್ಸ್ ವಾಪಸ್ ಸಿಗುತ್ತದಾ ಅಂತಲೂ ಕೇಳಿ, ಬರೆಸಿಕೊಳ್ಳಬೇಕಿತ್ತು.

ಊಟದಲ್ಲಿ ಮಾತ್ರ ಕೈ ಬಿಗಿ ಮಾಡಲಿಲ್ಲ. ಐಟಂ ಕಡಿಮೆ ಮಾಡಿದೆವು, ರುಚಿಯಲ್ಲಿ ರಾಜಿ ಇಲ್ಲ. ಹತ್ತು ದಿನ ಮೊದಲು ಪ್ರತಿ ಮನೆಗೂ ಫೋನ್ ಮಾಡಿ 'ಎಷ್ಟು ಜನ ಬರ್ತೀರಿ?' ಅಂತ ನೇರವಾಗಿ ಕೇಳಿದೆವು. ಕೇಳೋಕೆ ಮುಜುಗರ, ನಿಜ. ಅಡುಗೆಯವರಿಗೆ 110 ಅಂತ ಹೇಳಿದ್ದೆವು, ಬಂದವರು 104. ಏನೂ ಚೆಲ್ಲಲಿಲ್ಲ.

ನನ್ನ ಬಟ್ಟೆ ಅಕ್ಕನದು, ಅಳತೆಗೆ ಹೊಲಿಸಿಕೊಂಡೆ. ಫೋಟೋದವರಿಗೆ ಇಡೀ ದಿನಕ್ಕೆ ಹೇಳದೆ ನಾಲ್ಕು ಗಂಟೆಗೆ ಹೇಳಿದೆವು. ಯಾರ್‍ಯಾರ ಜೊತೆ ಫೋಟೋ ಬೇಕು ಅಂತ ಚೀಟಿ ಬರೆದುಕೊಟ್ಟಿದ್ದರಿಂದ ಆ ಹೊತ್ತೇ ಸಾಕಾಯಿತು. ವೇದಿಕೆಯ ಹೂವುಗಳನ್ನು ನನ್ನ ತಮ್ಮ ಮತ್ತು ಅವನ ಗೆಳೆಯರು ಊಟದ ಮೇಜುಗಳಿಗೆ ಸಾಗಿಸಿದರು. ಅವೇ ಹೂವು ಅಂತ ಯಾರಿಗೂ ಗೊತ್ತಾಗಲಿಲ್ಲ.

ನೆನಪಲ್ಲಿ ಉಳಿಯೋ ಹಾಗೆ ಏನಾದರೂ ಮಾಡಬೇಕಲ್ವಾ? ಇವರಿಗೆ ಒಂದು ಯೋಚನೆ ಬಂತು. ಕರೆಯುವಾಗಲೇ ಪ್ರತಿಯೊಬ್ಬರಿಗೂ, ನಮ್ಮಿಬ್ಬರಲ್ಲಿ ಯಾರಾದರೂ ಒಬ್ಬರ ಜೊತೆ ತೆಗೆಸಿಕೊಂಡ ಹಳೆಯ ಫೋಟೋ ಕಳಿಸಿ ಅಂದೆವು. ಎಲ್ಲವನ್ನೂ ಚಿಕ್ಕದಾಗಿ ಪ್ರಿಂಟ್ ಹಾಕಿಸಿ, ಬಾಗಿಲ ಬಳಿ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿದೆವು. ಜನ ಅಲ್ಲಿಂದ ಒಳಗೆ ಬರೋಕೇ ತಯಾರಿಲ್ಲ! ಪರಿಚಯವೇ ಇಲ್ಲದ ಎರಡು ಮನೆಯವರು ಒಬ್ಬರ ಫೋಟೋ ಒಬ್ಬರು ತೋರಿಸಿ ನಗುತ್ತಿದ್ದರು. ನನ್ನ ಹಲ್ಲು ಬಿದ್ದ ಫೋಟೋವನ್ನು ಮಾವ ಎಲ್ಲರಿಗೂ ಕರೆದು ಕರೆದು ತೋರಿಸಿದರು.

ಹೋಗುವಾಗ ಅವರವರ ಫೋಟೋ ಅವರವರು ಬಿಚ್ಚಿಕೊಂಡು ಹೋದರು. ಹಗ್ಗದಲ್ಲಿ ಉಳಿದ ಕ್ಲಿಪ್ಪುಗಳನ್ನು ಮನೆಗೆ ತಂದೆವು. ಈಗಲೂ ಬಟ್ಟೆ ಒಣಹಾಕೋಕೆ ಅವೇ.